ವಿಜಯಪುರದಲ್ಲಿ ಎರಡು ದಿನ: ಕುಣಿತ ನೋಡುವ ಪ್ರವಾಸ

ಪ್ರವಾಸ ಅಂದ್ರೆ ಬರೇ ಬಸ್ಸಿನಾಗ ಕೂತು ತಿಂದು ಬರೂದಲ್ಲ. ಮೊದಲೇ ಯೋಜನೆ ಮಾಡಿದರೆ ಎರಡೇ ದಿನದಲ್ಲಿ ಬಹಳ ಕಲಿಯಬಹುದು. ಸಿಂದಗಿಯಿಂದ ವಿಜಯಪುರ ಸುಮಾರು 60 ಕಿ.ಮೀ.

ಯಾವಾಗ: ಸಂಕ್ರಾಂತಿಗೆ. ಆಗ ಅಲ್ಲಿ ಸಿದ್ಧೇಶ್ವರ ಜಾತ್ರೆ ಇರುತ್ತದೆ.

ಮೊದಲನೆಯ ದಿನ: 1656ರಲ್ಲಿ ಮುಗಿದ ಗೋಳಗುಮ್ಮಟ. ಮೇಲೆ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡಿದರೆ ಎದುರಿನ ಬದಿಗೆ ಕೇಳುತ್ತದೆ. ದುಂಡನೆಯ ಗೋಡೆ ಧ್ವನಿಯನ್ನು ಚದುರಲು ಬಿಡದೆ ಸಾಗಿಸುವುದೇ ಇದಕ್ಕೆ ಕಾರಣ. ಆಮೇಲೆ ಜಾತ್ರೆಯ ನಂದಿಧ್ವಜ ಮೆರವಣಿಗೆ. ಎತ್ತರದ ಕೋಲು ಹೊತ್ತು ವಾದ್ಯದ ತಾಳಕ್ಕೆ ಹೆಜ್ಜೆ ಹಾಕುವುದು ಸುಲಭ ಅಲ್ಲ. ಅವರ ಕಾಲು ನೋಡಿರಿ.

ಎರಡನೆಯ ದಿನ: ತೊರವಿ ಹತ್ತಿರದ ನವರಸಪುರ, ಸಂಗೀತ ಮಹಲು. ಇಮ್ಮಡಿ ಇಬ್ರಾಹಿಂ ಆದಿಲಶಾಹಿ 1599ರಲ್ಲಿ ಈ ಊರು ಕಟ್ಟಲು ಆರಂಭಿಸಿದ. ಕಿತಾಬ್-ಎ-ನವರಸ್ ಎಂಬ ಹಾಡಿನ ಪುಸ್ತಕ ಬರೆದವನೂ ಅವನೇ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಊರು ಹಾಳಾಯಿತು. ಕಲೆಗಾಗಿ ಕಟ್ಟಿದ ಊರು 25 ವರ್ಷದಾಗ ಹೋಯ್ತು. ನಮ್ಮ ಹಳ್ಳಿಗಳ ಹೆಜ್ಜೆಮೇಳ ಮಾತ್ರ ಕಲ್ಲಿಲ್ಲದೆ ಜನರ ಕಾಲಿನಾಗ ಉಳಿದೈತಿ. ಕಲಿಯೋರು ಇಲ್ಲದಿದ್ರ ಅದೂ ಹೋಗತೈತಿ.

ಒಯ್ಯಬೇಕಾದ್ದು: ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ನೀರು, ವಹಿ, ಪೆನ್ನು, ಆಧಾರ್ ಕಾರ್ಡು.

ಖರ್ಚು: ಶಕ್ತಿ ಯೋಜನೆಯಿಂದ 2023ರಿಂದ ಹುಡುಗಿಯರಿಗೆ ಸರಕಾರಿ ಸಾದಾ ಬಸ್ಸಿನಲ್ಲಿ ಟಿಕೆಟಿನ ದುಡ್ಡಿಲ್ಲ. ಆದರೂ ರಾತ್ರಿ ಉಳಿಯೂದಕ್ಕ ಹುಡುಗೇರನ್ನ ಮನ್ಯಾಗ ಕಳಿಸೂದಿಲ್ಲ. ಅಕ್ಕೋರು ಜೋಡಿ ಬಂದ್ರ ಕಳಿಸತೀನಿ ಅಂತ ನಮ್ಮವ್ವ ಅಂದಾಳ. ಉಳಿದವರ ಅವ್ವಂದಿರೂ ಹಾಗೇ ಅಂದಾರು.

ಗುರುಗಳೇ, ಅಕ್ಕೋರೇ, ದಯಮಾಡಿ ವಿಚಾರ ಮಾಡಿರಿ. ಹುಡುಗರು ಅಷ್ಟೇ ನೋಡಿ ಬಂದ್ರ ವರ್ಗದ ಅರ್ಧ ಮಂದಿ ಅಷ್ಟೇ ಕಲಿತಂಗ ಆಗತೈತಿ.