ನರೆದಲೆಗನೂ ಅವನ ಬಂಧುಗಳೂ

ಕನಕದಾಸರ ‘ರಾಮಧಾನ್ಯ ಚರಿತೆ’ ಭಾಮಿನೀ ಷಟ್ಪದಿಯ ಕಿರುಕಾವ್ಯ. ಹಿರಿಮೆಯ ವಿಷಯದಲ್ಲಿ ನೆಲ್ಲಿಗೂ ರಾಗಿಗೂ ಕಲಹ ಹುಟ್ಟಲು, ಶ್ರೀರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಕಳೆದು ನೋಡಲಾಗಿ ನೆಲ್ಲು ಕಂದಿದೆ. ನರೆದಲೆಗನೆಂದು ಹಳಿಸಿಕೊಂಡ ರಾಗಿಯು ಗಟ್ಟಿಯಾಗಿ ಉಳಿದು ರಾಘವನ ಹೆಸರನ್ನೇ ಪಡೆಯುತ್ತದೆ. ಈ ಕಥೆಯ ಸಾಮಾಜಿಕ ಇಂಗಿತವನ್ನು ವಿಮರ್ಶಕರು ಬೇಕಾದಷ್ಟು ವಿವರಿಸಿದ್ದಾರೆ. ಅದರ ಅಡಿಯಲ್ಲಿರುವ ಒಕ್ಕಲುತನದ ಅರಿವಿನ ಕಡೆಗೆ ಅಷ್ಟು ಗಮನ ಹರಿದಂತಿಲ್ಲ.

ಹಳೆಯ ಮೈಸೂರು ಸೀಮೆಯ ರೈತರಿಗೆ ಆ ಸೆರೆಮನೆ ಕಲ್ಪನೆಯಾಗಿರಲಿಲ್ಲ. ಅದಕ್ಕೆ ಅವರಿಟ್ಟ ಹೆಸರು ಹಗೇವು. ನೆಲದೊಳಗೆ ತೋಡಿದ ಈ ಗುಳಿಯಲ್ಲಿ ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿ ಹೊದಿಸಿ ಮಣ್ಣು ಮೆತ್ತುತ್ತಿದ್ದರು. ಕಾಳಿನ ಉಸಿರಾಟದಿಂದಲೇ ಒಳಗಿನ ಆಮ್ಲಜನಕವು ಕುಂದಿ, ಹುಳುಹುಪ್ಪಟೆಗಳು ಬದುಕಲಾರದೆ ಹೋಗುತ್ತವೆ. ಆದುದರಿಂದಲೇ ಹಗೇವು ತೆರೆದ ಕೂಡಲೆ ಇಳಿಯುವುದು ಪ್ರಾಣಾಪಾಯ. ಗಾಳಿಯಾಡಲು ಬಿಟ್ಟು, ಇಳಿಬಿಟ್ಟ ದೀಪವು ಆರದೆ ಉರಿದರೆ ಮಾತ್ರ ಆಳು ಇಳಿಯುವುದು ರೂಢಿ. ಮಳೆ ಕೈಕೊಟ್ಟ ವರ್ಷಗಳನ್ನು ಹಿಂದಿನ ಸುಭಿಕ್ಷದ ವರ್ಷವು ಸಾಕುತ್ತಿದ್ದುದು ಹೀಗೆ.

ಹೊಲದಲ್ಲಿಯೂ ಇದೇ ಮುಂದಾಲೋಚನೆ ಕಾಣುತ್ತದೆ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು. ಒಂದು ಬೆಳೆ ಸೋತರೆ ಇನ್ನೊಂದು ಕೈಹಿಡಿದೀತು. ದ್ವಿದಳ ಧಾನ್ಯದ ಬೇರುಗಂಟು ಮಣ್ಣಿಗೆ ಸಾರಜನಕವನ್ನೂ, ರಾಗಿಹುಲ್ಲಿನ ಬಣವೆ ದನಗಳಿಗೆ ಮೇವನ್ನೂ, ದನಗಳು ಮರಳಿ ಹೊಲಕ್ಕೆ ಗೊಬ್ಬರವನ್ನೂ ಕೊಡುತ್ತಿದ್ದವು. ಹೊರಗಿನಿಂದ ಕೊಳ್ಳಬೇಕಾದುದು ಅತ್ಯಲ್ಪ.

ನಮ್ಮದೆಂದು ನಾವು ಅಭಿಮಾನಪಡುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶವೆಂಬುದು ಸಸ್ಯಶಾಸ್ತ್ರಜ್ಞರ ನಿರ್ಣಯ. ಆ ಹಳೆಯ ನಂಟನ್ನು ಮತ್ತೆ ಬೆಸೆದವರು ಮಂಡ್ಯದಲ್ಲಿ ದುಡಿದ ಸಿ. ಹೆಚ್. ಲಕ್ಷ್ಮಣಯ್ಯನವರು. ಭಾರತದ ತಳಿಗಳನ್ನು ಆಫ್ರಿಕದ ತಳಿಗಳೊಡನೆ ಸಂಕರಗೊಳಿಸಿ ಅವರು ‘ಇಂಡಾಫ್’ ತಳಿಗಳನ್ನು ರೂಪಿಸಿದರು. ಎರಡು ನೆಲಗಳೂ ಆ ಹೆಸರಿನಲ್ಲಿಯೇ ಅಡಗಿವೆ. 1996ರಲ್ಲಿ ಬೆಂಕಿರೋಗವನ್ನು ತಡೆಯಬಲ್ಲ ಜಿ.ಪಿ.ಯು. 28 ತಳಿಯೂ ಬಂದಿತು. ಹೀಗೆ ರಾಗಿ ಉಳಿಯಿತು.

ಆದರೆ ನವಣೆ, ಸಾಮೆ, ಹಾರಕ, ಬರಗು, ಊದಲುಗಳು ಏಕೆ ಹಿಂಜರಿದವು? ನೀರಾವರಿ ಬಂದಿತು, ಅಗ್ಗದ ಅಕ್ಕಿ ಬಂದಿತು ಎಂಬ ಉತ್ತರ ನಿಜವಾದರೂ ಪೂರ್ಣವಲ್ಲ. ರಾಗಿಗೆ ಬಿಗಿಯಾದ ಹೊಟ್ಟಿಲ್ಲ. ಒಕ್ಕಿ, ತೂರಿ, ಬೀಸಿದರೆ ಹಿಟ್ಟು ಸಿದ್ಧ. ಜೋಳ, ಸಜ್ಜೆಗಳೂ ಹಾಗೆಯೇ. ಸಾಮೆ, ನವಣೆಗಳ ಕಾಳನ್ನಾದರೋ ಗಟ್ಟಿ ಸಿಪ್ಪೆಯು ಕವಚದಂತೆ ಅಪ್ಪಿಕೊಂಡಿದೆ. ಹಾರಕವಂತೂ ಎಲ್ಲಕ್ಕಿಂತ ಹಟಮಾರಿ. ಇವನ್ನು ಒರಳಿಗೆ ಹಾಕಿ, ಒನಕೆಯಿಂದ ಕುಟ್ಟಿ, ಕೇರಿ, ಮತ್ತೆ ಕುಟ್ಟುತ್ತಿದ್ದವರು ಮನೆಯ ಹೆಂಗಸರು. ಊರೂರಿಗೆ ಬಂದ ಗಿರಣಿಗಳು ನೆಲ್ಲಿಗೆ ಹೊಂದಿದವು; ಸಾಸಿವೆಯಷ್ಟೇ ಸಣ್ಣ ಕಾಳು ಅವುಗಳಲ್ಲಿ ಒಡೆದು ನುಚ್ಚಾಗುತ್ತಿತ್ತು. ಒನಕೆ ಮೂಲೆ ಸೇರಿದಾಗ ಈ ಧಾನ್ಯಗಳೂ ಮೂಲೆ ಸೇರಿದವು. ಅದಕ್ಕಾಗಿ ಹೆಂಗಸರನ್ನು ದೂರುವುದು ಅನ್ಯಾಯ.

ಭಾರತದ ಸೂಚನೆಯಂತೆ ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಕಿರುಧಾನ್ಯ ವರ್ಷವೆಂದು ಆಚರಿಸಿತು. ‘ಸಿರಿಧಾನ್ಯ’ವೆಂಬ ಹೆಸರೂ ರೂಢಿಗೆ ಬಂದಿದೆ. ಹೆಸರು ಸೊಗಸಾಗಿದೆ; ಪಟ್ಟಣದ ಅಂಗಡಿಗಳಲ್ಲಿ ಬೆಲೆಯೂ ಹೆಸರಿಗೆ ತಕ್ಕಂತೆಯೇ ಇದೆ! 2024-25ರ ಸಾಲಿಗೆ ಕೇಂದ್ರ ಸರ್ಕಾರವು ಕ್ವಿಂಟಾಲ್ ರಾಗಿಗೆ 4,290 ರೂಪಾಯಿ, ಸಾಮಾನ್ಯ ಬತ್ತಕ್ಕೆ 2,300 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಪಡಿಸಿತು. ಆ ಪಟ್ಟಿಯಲ್ಲಿ ರಾಗಿ, ಜೋಳ, ಸಜ್ಜೆಗಳಿಗೆ ಸ್ಥಾನವಿತ್ತು. ಸಾಮೆ, ಹಾರಕಗಳಿಗೆ ಇರಲಿಲ್ಲ. ಒನಕೆಯ ಮುಂದೆ ಸೋತವೇ ಇಲ್ಲಿಯೂ ಹೊರಗುಳಿದವು.

ಹೊಟ್ಟು ಬಿಡಿಸುವ ಸಣ್ಣ ಯಂತ್ರಗಳು ಈಗ ದೊರೆಯುತ್ತವೆ. ಬೆಳೆಯುವ ಊರಿನಲ್ಲಿಯೇ ಅಂಥದೊಂದು ನಿಂತರೆ, ಕಾಳನ್ನು ದೂರದ ಗಿರಣಿಗೆ ಕಳುಹಿಸಿ ಪೊಟ್ಟಣದಲ್ಲಿ ದುಬಾರಿಗೆ ಮರಳಿ ಕೊಳ್ಳುವ ವಿಪರೀತ ತಪ್ಪೀತು. ಬೆಳೆದವನ ಮಕ್ಕಳೇ ಅದನ್ನು ಉಂಡಾರು. ಧರ್ಮಕಾರ್ಯಕ್ಕೆ ಹಣವಿಡುವವರು ಆಲೋಚಿಸತಕ್ಕ ವಿಷಯವಿದು. ಯಂತ್ರ ನಡೆಸುವವನಿಗೆ ಒಂದು ಎಚ್ಚರವಿರಬೇಕು: ಅಕ್ಕಿಯಂತೆ ಬೆಳ್ಳಗಾಗುವವರೆಗೆ ಕಾಳನ್ನು ತಿಕ್ಕಿದರೆ ತೌಡಿನೊಡನೆ ನಾರೂ ಸತ್ತ್ವವೂ ಹೋಗುತ್ತವೆ. ಹೊರಸಿಪ್ಪೆ ಕಳಚಿದಲ್ಲಿಗೆ ನಿಲ್ಲಿಸಬೇಕು.