ನಾಜಲ್ ಪರೀಕ್ಷೆ: ಎಂಜಿನ್ನಿಗಿಂತ ಮೊದಲು ಕೈ ಕಾಪಾಡಿಕೊಳ್ಳಿ

ಟ್ರ್ಯಾಕ್ಟರ್ ಕರಿ ಹೊಗೆ ಬಿಡುತ್ತಿದೆ, ಲೋಡ್ ಎಳೆಯುತ್ತಿಲ್ಲ, ಒಳಗೆ ಬಡಿತ ಬೇರೆ. ಅನುಮಾನ ಇಂಜೆಕ್ಟರ್ ಮೇಲಿದ್ದು, ಎಂಜಿನ್ ಹಳೆಯ ಮೈಕೋ ಡೀಸೆಲ್ ಪಂಪಿನದಾದರೆ ಅರ್ಧ ಪರೀಕ್ಷೆ ಮನೆಯಲ್ಲೇ ಆಗುತ್ತದೆ.

1. ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ನೋಡಿ. ಏರ್ ಫಿಲ್ಟರ್ ಕಟ್ಟಿಕೊಂಡರೂ ಕರಿ ಹೊಗೆಯೇ ಬರುತ್ತದೆ.

2. ಸ್ಪ್ರೇಗೆ ಕೈ ಒಡ್ಡಲೇಬೇಡಿ. ಹಳೆಯ ಇಂಜೆಕ್ಟರಿನ ತುದಿಯ ನಾಜಲ್ ಕೂಡ ಸುಮಾರು 180ರಿಂದ 250 ಬಾರ್ ಒತ್ತಡದಲ್ಲಿ ತೆರೆಯುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು ಚಿಲ್ಲರೆ ಬಾರ್! ಈ ಡೀಸೆಲ್ ಗ್ಲೌಸನ್ನೂ ಚರ್ಮವನ್ನೂ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ಮೊದಮೊದಲು ನೋವೂ ಕಡಿಮೆ. ಒಳಗೆ ಮಾಂಸ ಕೊಳೆತು ಬೆರಳನ್ನೇ ತೆಗೆಯಬೇಕಾಗಬಹುದು. ಅರಿಶಿನ ಹಚ್ಚಿ ಬೆಳಗಿನವರೆಗೆ ಕಾಯಬೇಡಿ. ಸರ್ಜನ್ ಇರುವ ಆಸ್ಪತ್ರೆಗೆ ಕೂಡಲೇ ಹೋಗಿ, ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ಬಿಡಿಸಿ ಹೇಳಿ. ಇಂಜೆಕ್ಟರನ್ನು ಹೊರಗೆ ಪೈಪಿಗೆ ಸಿಕ್ಕಿಸಿ, ಸ್ಟಾರ್ಟರ್ ಹೊಡೆದು ಸ್ಪ್ರೇ ನೋಡುವ ಅಭ್ಯಾಸ ಇಂದೇ ನಿಲ್ಲಲಿ.

3. ಕೆಟ್ಟ ಸಿಲಿಂಡರ್ ಯಾವುದೆಂದು ಮುಟ್ಟದೆ ಪತ್ತೆಮಾಡಿ. ತಣ್ಣಗಿರುವ ಎಂಜಿನ್ ಚಾಲೂ ಮಾಡಿ, ಹೊಗೆ ಹೊರಬರುವ ಪ್ರತಿ ಪೋರ್ಟಿನ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಅಳೆಯಿರಿ. (ಜ್ವರ ನೋಡುವ ಗನ್ ಇದಕ್ಕಾಗದು.) ಉಳಿದವಕ್ಕಿಂತ ತಣ್ಣಗಿರುವ ಕಡೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಕಂಪ್ರೆಷನ್ ಇಳಿದಿದ್ದರೂ ಹೀಗೇ ಆಗುವುದರಿಂದ, ಎಂಜಿನ್ ನಿಲ್ಲಿಸಿ, ಆ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿನದರ ಜೊತೆ ಅದಲುಬದಲು ಮಾಡಿ. ದೋಷವೂ ಜೊತೆಗೇ ಹೋದರೆ ಇಂಜೆಕ್ಟರೇ ಕೆಟ್ಟಿದೆ.

4. ಇಂಜೆಕ್ಟರ್ ಬಿಚ್ಚುವ ಮೊದಲು ಸುತ್ತಲೂ ತೊಳೆಯಿರಿ, ಬಿಚ್ಚಿದ ಕೂಡಲೇ ಪೈಪಿನ ಬಾಯಿ ಮುಚ್ಚಿ. ನಾಜಲ್ ಒಳಗಿನ ಸೂಜಿಗೂ ಬಾಡಿಗೂ ಇರುವ ಸಂದು ಕೆಲವೇ ಮೈಕ್ರಾನ್. ಒಂದು ಕಣ ಧೂಳು ಸಾಕು, ಸೂಜಿ ಹಿಡಿದುಬಿಡುತ್ತದೆ.

5. ಕೈಪಂಪಿನ ನಾಜಲ್ ಟೆಸ್ಟರ್ ಇದ್ದರೆ ಬಯಲಿಗೆ ತನ್ನಿ. ಡೀಸೆಲ್ ಮಂಜಿಗೆ ಬೀಡಿಯ ಕಿಡಿಯೂ ಅಪಾಯ. ಗಾಗಲ್ಸ್ ಹಾಕಿ, ಸ್ಪ್ರೇಯನ್ನು ಡಬ್ಬದೊಳಗೆ ಬಿಡಿ. ಮ್ಯಾನ್ಯುಯಲ್ ಹೇಳಿದ ಒತ್ತಡಕ್ಕೆ ತೆರೆಯಬೇಕು, ಮಂಜು ಸಮನಾಗಿರಬೇಕು. ತೆರೆಯುವ ಒತ್ತಡಕ್ಕಿಂತ 20 ಬಾರ್ ಕೆಳಗೆ ಹತ್ತು ಸೆಕೆಂಡ್ ಹಿಡಿದರೂ ತುದಿಯಿಂದ ಹನಿ ಬೀಳಬಾರದು. ಬಿದ್ದರೆ ರಿಪೇರಿ ಪಂಪ್ ಅಂಗಡಿಯಲ್ಲೇ ಆಗಲಿ.

6. ಮರಳಿ ಕೂರಿಸುವಾಗ ತಾಮ್ರದ ವಾಷರ್ ಹೊಸದೇ ಇರಲಿ.

7. ಕಾಮನ್ ರೈಲ್ ಎಂಜಿನ್ನಾದರೆ ಸ್ಪ್ಯಾನರ್ ಕೆಳಗಿಡಿ. ಅಲ್ಲಿ ಒತ್ತಡ 1,600 ಬಾರ್ ದಾಟಬಹುದು. ಅದು ಮನೆಯ ಕೆಲಸವೇ ಅಲ್ಲ.