ಪಿತ್ರಾರ್ಜಿತ ವಿಶ್ವಾಸವೂ ಸ್ವಂತ ವಿಶ್ವಾಸವೂ

ಮನೆಯಲ್ಲಿ ಓದತಕ್ಕ ಭಾಗಗಳು: ಆದಿಕಾಂಡ 17, ಮತ್ತಾಯ 3:1–12, ಯೋಹಾನ 3:1–15, 2 ತಿಮೊಥೆಯ 1:1–7.



ರಬಕವಿ ಬನಹಟ್ಟಿಗಳ ನೇಕಾರರ ಓಣಿಯನ್ನು ಬಲ್ಲವರೆಲ್ಲರೂ ಒಂದು ಸಂಗತಿಯನ್ನು ಅರಿತಿರುವರು. ತಂದೆಯು ತೀರಿಹೋದರೆ ಮಗ್ಗವು ಮಗನದಾಗುತ್ತದೆ. ಆದರೆ ನೇಯುವ ಕೈ ಅದರ ಸಂಗಡ ಬರುವದಿಲ್ಲ. ಮಗನು ತಾನೇ ಮಗ್ಗದ ಮುಂದೆ ಕೂತು, ಹರಿದ ಎಳೆಗೆ ಗಂಟು ಹಾಕುತ್ತಾ ಅದನ್ನು ಕಲಿಯಬೇಕು. ಹಾಗೆಯೇ ಜಮಖಂಡಿ ಮುಧೋಳಗಳ ಒಕ್ಕಲಿಗನ ಹೊಲವು ಉತಾರೆಯಲ್ಲಿ ಮಗನ ಹೆಸರಿಗೆ ಏರುತ್ತದೆ. ಬೆಳೆಯಾದರೋ ದುಡಿದವನಿಗೇ ಸರಿ. ಹಾಗಾದರೆ ದೇವರ ಮೇಲಣ ವಿಶ್ವಾಸವು ಯಾವುದರ ಹಾಗಿದೆ? ಮಗ್ಗದ ಹಾಗೋ, ನೇಯುವ ಕೈಯ ಹಾಗೋ?

ಈ ಪ್ರಶ್ನೆಯು ನಮ್ಮನ್ನು ಸುಮ್ಮನೆ ಬಿಡುವದಿಲ್ಲ. ನಮ್ಮಲ್ಲಿ ಅನೇಕರು, ಇಲ್ಲವೆ ನಮ್ಮ ಅಜ್ಜಂದಿರು, ಹಿರಿಯರ ಮಾರ್ಗವನ್ನು ಬಿಟ್ಟು ಬಂದವರು. "ಹೆತ್ತವರ ದೇವರನ್ನು ಬಿಟ್ಟಿರಿ" ಎಂಬ ಬಂಧುಗಳ ಮಾತು ಇಂದಿಗೂ ಕಿವಿಯಲ್ಲಿದೆ. ಈಗ ನಾವೇ ನಮ್ಮ ಮಕ್ಕಳಿಗೆ, "ತಂದೆಯ ಮಾರ್ಗವನ್ನು ಬಿಡಬೇಡಿರಿ" ಎನ್ನುತ್ತೇವೆ. ಯಾವ ಬಾಯಿಂದ ಹೇಳುತ್ತೇವೆ? ಇದಕ್ಕೆ ಉತ್ತರವನ್ನು ಹುಡುಕುವದಕ್ಕಾಗಿ, ಯೆಹೂದ್ಯರು ಏನು ಹೇಳುತ್ತಾರೆ, ಕ್ರೈಸ್ತರು ಏನು ಹೇಳುತ್ತಾರೆ ಎಂಬದನ್ನು ವಿಚಾರಿಸೋಣ.

1. ಯೆಹೂದ್ಯರ ಮತವು

ದೇವರು ಅಬ್ರಹಾಮನ ಸಂಗಡ ಮಾಡಿದ ಒಡಂಬಡಿಕೆಯು ಅವನ ಸಂತತಿಗೂ ಸಲ್ಲುತ್ತದೆಂದು ಆದಿಕಾಂಡ 17ರಲ್ಲಿ ಕಾಣುತ್ತೇವೆ. ಆದದರಿಂದ ಗಂಡುಮಗುವಿಗೆ ಎಂಟನೆಯ ದಿನದಲ್ಲಿ ಸುನ್ನತಿಯಾಗುತ್ತದೆ. ಆ ಕೂಸು ಏನನ್ನೂ ನಂಬುವದಕ್ಕೆ ಮುಂಚೆಯೇ ಒಡಂಬಡಿಕೆಯೊಳಗಿನದು. ಯೆಹೂದ್ಯ ತಾಯಿಯಲ್ಲಿ ಹುಟ್ಟಿದವನು ಯೆಹೂದ್ಯನೆಂಬದು ಅವರ ಶಾಸ್ತ್ರಿಗಳ ಪುರಾತನ ನಿಯಮ. ಅವನು ಪಾಪಮಾಡಿದರೂ, ದೂರ ಹೋದರೂ, ಆ ಹುಟ್ಟು ಅಳಿಯುವದಿಲ್ಲ.

ಇದನ್ನು ಕೇಳಿ, "ಅವರಿಗೆ ರಕ್ತವೇ ಸಾಕು, ಹೃದಯವು ಬೇಡ" ಎಂದು ನಾವು ಹೇಳಿದರೆ ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಿದಂತಾದೀತು. ಮೋವಾಬಿನ ರೂತಳು ಹೊರಗಿನಿಂದ ಬಂದವಳು. ದಾವೀದನು ಅವಳ ಸಂತತಿಯವನು. ಹನ್ನೆರಡನೆಯ ಶತಮಾನದ ದೊಡ್ಡ ಪಂಡಿತನಾದ ಮೈಮೊನಿಡಿಸನು, ಯೆಹೂದ್ಯ ಮತವನ್ನು ಸೇರಿದ ಓಬದ್ಯನೆಂಬವನಿಗೆ ಬರೆದ ಪತ್ರದಲ್ಲಿ, ಅವನು ಪ್ರಾರ್ಥಿಸುವಾಗ ದೇವರನ್ನು 'ನಮ್ಮ ಪಿತೃಗಳ ದೇವರು' ಎಂದು ಕರೆಯಬಹುದೆಂದು ತಿಳಿಸಿದನು. ಯಾಕಂದರೆ ಅಬ್ರಹಾಮನು ತನ್ನ ಮಾರ್ಗದಲ್ಲಿ ನಡೆಯುವವರಿಗೆಲ್ಲಾ ತಂದೆ. ಪಸ್ಕದ ರಾತ್ರಿಯಲ್ಲಿಯೂ ಪ್ರತಿ ತಲೆಮಾರಿನವರು ತಾವೇ ಐಗುಪ್ತದಿಂದ ಬಿಡುಗಡೆಯಾದವರೆಂದು ಎಣಿಸಿಕೊಳ್ಳಬೇಕೆಂಬ ವಿಧಿಯಿದೆ. ಹುಟ್ಟು ಬಾಗಿಲು, ಒಳಗೆ ನಡೆದು ಬಾಳುವದು ಅವನವನ ಹೊಣೆ. ಇದೇ ಅವರ ಬೋಧೆ.

2. ನಮ್ಮ ನೆರೆಯ ದೃಷ್ಟಾಂತವು

ಇದಕ್ಕೆ ಸಾಕ್ಷಿಯನ್ನು ಸಹ್ಯಾದ್ರಿಯ ಆಚೆಗೇ ಕಾಣಬಹುದು. ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರಾಯೇಲರೆಂಬ ಯೆಹೂದ್ಯರು ಎಣ್ಣೆಯ ಗಾಣದ ಕಸುಬಿನವರಾಗಿ ಬಹುಕಾಲ ಬಾಳಿದರು. ಶನಿವಾರದಲ್ಲಿ ಗಾಣ ಕಟ್ಟದ ಕಾರಣ ಜನರು ಅವರನ್ನು 'ಶನಿವಾರ ತೇಲಿ' ಎಂದರು. ಅವರ ಬಳಿಯಲ್ಲಿ ಗ್ರಂಥವಿರಲಿಲ್ಲ. ಇಬ್ರಿಯ ಭಾಷೆ ಮರೆತುಹೋಗಿತ್ತು. ಆದರೂ ಸಬ್ಬತ್ತು, ಸುನ್ನತಿ, ಆಹಾರದ ನೇಮ ಇವುಗಳನ್ನು ತಂದೆಯಿಂದ ಮಗನು ಹಿಡಿದುಕೊಂಡೇ ಬಂದನು. 1796ರಲ್ಲಿ ಮುಂಬಯಿಯಲ್ಲಿ ಅವರ ಮೊದಲನೆಯ ಸಭಾಮಂದಿರವನ್ನು ಸಾಮುವೇಲ ಎಜೆಕಿಯೇಲ ದಿವೇಕರನು ಕಟ್ಟಿಸಿದನು. 1829ರಲ್ಲಿ ಮುಂಬಯಿಗೆ ಬಂದ ಜಾನ್ ವಿಲ್ಸನ್ ಮೊದಲಾದ ಮಿಶನರಿಗಳು ಇವರಿಗೆ ಶಾಲೆಗಳಲ್ಲಿ ಹಳೇ ಒಡಂಬಡಿಕೆಯನ್ನೂ ಇಬ್ರಿಯ ಭಾಷೆಯನ್ನೂ ಕಲಿಸಿದರು. ಕ್ರೈಸ್ತರಾದವರು ಬಹು ಕೊಂಚ ಮಂದಿ. ಮಿಕ್ಕವರು ಆ ವಿದ್ಯೆಯಿಂದ ತಮ್ಮ ಪಿತೃಗಳ ಧರ್ಮವನ್ನೇ ಚೆನ್ನಾಗಿ ಅರಿತರು.

ಹುಟ್ಟೇ ಸಾಕೋ ಎಂಬ ವ್ಯಾಜ್ಯವು ಅವರೊಳಗೂ ಉಂಟು. ಹುಟ್ಟು ಯೆಹೂದ್ಯನಾಗಿದ್ದು ಕ್ರೈಸ್ತ ಸನ್ಯಾಸಿಯಾದ ಓಸ್ವಾಲ್ಡ್ ರೂಫೈಸನ್ ಎಂಬವನು, ಯೆಹೂದ್ಯರಿಗಿರುವ ಹಕ್ಕಿನ ಮೇಲೆ ಇಸ್ರಾಯೇಲ್ ದೇಶದ ಪ್ರಜೆಯಾಗಬೇಕೆಂದು ಕೇಳಿದಾಗ, ಅಲ್ಲಿಯ ಉಚ್ಚ ನ್ಯಾಯಾಲಯವು 1962ರಲ್ಲಿ ಒಪ್ಪಲಿಲ್ಲ. ಶಾಸ್ತ್ರಿಗಳ ನಿಯಮದಂತೆ ಅವನು ಯೆಹೂದ್ಯನೇ ಇರಬಹುದು. ಆದರೆ ಬೇರೆ ಮತವನ್ನು ಹಿಡಿದವನನ್ನು ಜನರು ಯೆಹೂದ್ಯನೆನ್ನುವದಿಲ್ಲವೆಂದು ತೀರ್ಪಾಯಿತು. ಅದೇ ಕಾಲದಲ್ಲಿ ಅಲ್ಲಿಗೆ ಹೋದ ಬೆನೆ ಇಸ್ರಾಯೇಲರ ವಂಶದ ವಿಷಯವಾಗಿ ಕೆಲವು ಶಾಸ್ತ್ರಿಗಳು ಸಂಶಯಪಟ್ಟರು. 1964ರಲ್ಲಿ ಆ ದೇಶದ ಶಾಸನಸಭೆಯು ಇವರು ಎಲ್ಲಾ ವಿಧದಲ್ಲಿ ಯೆಹೂದ್ಯರೇ ಎಂದು ನಿರ್ಣಯಿಸಿತು.

3. ಕ್ರೈಸ್ತರ ಬೋಧೆಯು

ಸ್ನಾನಿಕನಾದ ಯೋಹಾನನು, ಅಬ್ರಹಾಮನು ತಮ್ಮ ತಂದೆಯೆಂದು ನೆಚ್ಚಿಕೊಂಡವರಿಗೆ, ದೇವರು ಕಲ್ಲುಗಳಿಂದಲೂ ಅಬ್ರಹಾಮನಿಗೆ ಮಕ್ಕಳನ್ನು ಎಬ್ಬಿಸಬಲ್ಲನೆಂದು ಎಚ್ಚರಿಸಿದನು. ಸ್ವಾಮಿಯು ನಿಕೊದೇಮನಿಗೆ ಹೊಸ ಜನ್ಮದ ಅವಶ್ಯವನ್ನು ತಿಳಿಸಿದನು. ಈ ಮಾತುಗಳನ್ನು ಆಡಿದವರೂ ಕೇಳಿದವರೂ ಯೆಹೂದ್ಯರೇ ಎಂಬದನ್ನು ಮರೆಯಬಾರದು. ಇವು ಇಂದು ಯಾರಿಗೆ ತಟ್ಟುತ್ತವೆ? ಅನ್ಯರಿಗಲ್ಲ, "ನಾವು ಹುಟ್ಟು ಕ್ರೈಸ್ತರು" ಎಂದು ಹೇಳಿಕೊಂಡು ಬೈಬಲನ್ನು ಗೂಡಿನಲ್ಲಿ ಇಟ್ಟು ಮರೆತ ನಮಗೇ.

ನಮ್ಮ ಕನ್ನಡ ಸಭೆಗಳ ಮೂಲವು ಸ್ವಂತ ನಿರ್ಣಯದಲ್ಲಿದೆ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1851ರಲ್ಲಿ ಗುಳೇದಗುಡ್ಡಕ್ಕೂ ಬಂದರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕನಾದ ಆನಂದರಾವ್ ಕೌಂಡಿನ್ಯನು 1844ರಲ್ಲಿ ದೀಕ್ಷಾಸ್ನಾನ ಹೊಂದಿ, ಹೆರ್ಮನ್ ಎಂಬ ಹೆಸರನ್ನು ಕೂಡಿಸಿಕೊಂಡು, 1851ರಲ್ಲಿ ಬೋಧಕನಾಗಿ ಅಭಿಷಿಕ್ತನಾದನು. ಅವನಿಗೆ ಈ ವಿಶ್ವಾಸವು ಮನೆಯಿಂದ ಬರಲಿಲ್ಲ. ಇದಕ್ಕಾಗಿ ಮನೆಯನ್ನು ಬಿಡಬೇಕಾಯಿತು. ಆದರೆ ಬಲಾತ್ಕಾರದಿಂದ ಕೊಟ್ಟ ಸ್ನಾನವು ವಿಶ್ವಾಸವಲ್ಲ. 1391ರಲ್ಲಿ ಸ್ಪೇನಿನ ಕ್ರೈಸ್ತರು ಯೆಹೂದ್ಯರನ್ನು ಕೊಂದು, ಉಳಿದ ಅನೇಕರನ್ನು ಮರಣಭಯದಿಂದ ಸ್ನಾನಕ್ಕೆ ಎಳೆದದ್ದನ್ನು ನಾವು ನಾಚಿಕೆಯಿಂದ ನೆನೆಯತಕ್ಕದ್ದು.

4. ತಿಮೊಥೆಯನ ಮನೆ

ಹಾಗಾದರೆ ಮನೆಯಿಂದ ಏನೂ ಬರುವದಿಲ್ಲವೋ? ಪೌಲನು ಹಾಗೆ ಹೇಳಲಿಲ್ಲ. ತಿಮೊಥೆಯನ ತಾಯಿ ಯೆಹೂದ್ಯಳು, ತಂದೆ ಗ್ರೀಕನು. ಅವನಲ್ಲಿದ್ದ ವಿಶ್ವಾಸವು ಮೊದಲು ಅಜ್ಜಿಯಾದ ಲೋವಿಯಲ್ಲಿಯೂ ತಾಯಿಯಾದ ಯೂನೀಕೆಯಲ್ಲಿಯೂ ನೆಲೆಸಿತ್ತೆಂದು ಪೌಲನು ಸಂತೋಷದಿಂದ ನೆನೆಯುತ್ತಾನೆ. ಆ ಕೂಡಲೇ, ಅವನಲ್ಲಿರುವ ದೇವರ ವರವನ್ನು ಕೆಂಡದಂತೆ ತಾನೇ ಊದಿ ಉರಿಸಬೇಕೆಂದು ಎಚ್ಚರಿಸುತ್ತಾನೆ. ಕೆಂಡವು ಅಜ್ಜಿಯ ಒಲೆಯಿಂದ ಬಂದೀತು. ಊದುವ ಉಸಿರು ಮೊಮ್ಮಗನದೇ ಆಗಬೇಕು. ಶಿಶುಗಳಿಗೆ ಸ್ನಾನ ಕೊಡುವ ನಮ್ಮ ಸಭೆಗಳು ದೃಢೀಕರಣದ ದಿನದಲ್ಲಿ ಅವರ ಬಾಯಿಂದಲೇ ಅರಿಕೆಯನ್ನು ಕೇಳುವದು ಇದಕ್ಕಾಗಿಯೇ.

ಆದದರಿಂದ ಮೊದಲಿನ ಪ್ರಶ್ನೆಗೆ ಉತ್ತರವಿದು. "ನಮ್ಮದೆಂಬ ಕಾರಣದಿಂದ ಇದನ್ನು ಹಿಡಿಯಿರಿ" ಎಂದು ಮಕ್ಕಳಿಗೆ ಹೇಳುವ ಬಾಯಿ ನಮಗಿಲ್ಲ. ಆ ಕಾರಣವನ್ನು ನಾವೇ ಒಪ್ಪದೆ ಹೊರಗೆ ಬಂದವರು. "ಇದು ಸತ್ಯವೆಂದು ಕಂಡೆವು, ನೀವೂ ಬಂದು ನೋಡಿರಿ" ಎಂದು ಹೇಳಬಲ್ಲೆವು. ಹಾಗೆ ಹೇಳಿ, ಶನಿವಾರ ತೇಲಿಯು ಗಾಣವನ್ನು ಬಿಚ್ಚಿದಷ್ಟು ನಿಷ್ಠೆಯಿಂದ ಸಂಜೆಯ ಪ್ರಾರ್ಥನೆಯನ್ನು ನಡಿಸೋಣ. ಮಗನು ಸಂಶಯದಿಂದ ಪ್ರಶ್ನೆ ಕೇಳಿದರೆ ಗದರಿಸದೆ ಕೂಡ್ರಿಸಿಕೊಂಡು ಮಾತಾಡೋಣ. ಒಂದು ವೇಳೆ ಅವನ ಸ್ವಂತ ವಿಶ್ವಾಸವು ಅಲ್ಲಿಯೇ ಹುಟ್ಟುತ್ತಿರಬಹುದು.

ವಿಚಾರಿಸತಕ್ಕ ಪ್ರಶ್ನೆಗಳು

1. ಗ್ರಂಥವಿಲ್ಲದ ಬೆನೆ ಇಸ್ರಾಯೇಲರು ಉಳಿಸಿಕೊಂಡದ್ದೇನು? ಗ್ರಂಥವುಳ್ಳ ನಾವು ಕಳಕೊಂಡದ್ದೇನು?

2. ನನ್ನ ತಂದೆತಾಯಿಗಳು ಕ್ರೈಸ್ತರಾಗಿರದಿದ್ದರೆ ನಾನು ಇಂದು ಏನನ್ನು ನಂಬುತ್ತಿದ್ದೆನು?

3. ನನ್ನ ಮಕ್ಕಳು ನನ್ನ ಮನೆಯಲ್ಲಿ ಮಗ್ಗವನ್ನು ಮಾತ್ರ ಕಾಣುತ್ತಾರೋ, ನೇಯುವ ಕೈಯನ್ನೂ ಕಾಣುತ್ತಾರೋ?